ಹುಳದ ಮನೆಯಲ್ಲಿ ವಾರದ ಮಾತ್ರೆ

ರೇಷ್ಮೆಹುಳಗಳನ್ನು ಸಾಕ್ಷಿಗಿಟ್ಟುಕೊಂಡು ರೋಗಿಯ ಜೊತೆ ಪಂದ್ಯ ಕಟ್ಟಿದ ಮೂಳೆ ಡಾಕ್ಟರು ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗೆ ಹುಡುಕಿದರೂ ನಾನೊಬ್ಬನೇ ಸಿಗುವುದು. ನಂಬುವುದಿಲ್ಲ, ಅಲ್ಲವೇ? ಬೇಡ ಬಿಡಿ. ನಂಬದೆ ಕೊನೆಯವರೆಗೆ ಓದಿ ನೋಡೋಣ, ನಿಮಗೆಷ್ಟು ತಾಕತ್ತಿದೆ ಅಂತ. ನನ್ನ ಹೆಂಡತಿ ಮದುವೆಯಾದಾಗಿನಿಂದ ನನ್ನ ಮಾತು ನಂಬದಿರಲು ಪ್ರಯತ್ನಿಸುತ್ತಿದ್ದಾಳೆ. ಅರ್ಧಕ್ಕೆ ಬರುವಷ್ಟರಲ್ಲಿ "ಆಮೇಲೇನಾಯ್ತು?" ಅಂತ ಕೇಳಿ ಸೋತುಹೋಗುತ್ತಾಳೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಚಿಕ್ಕಬಳ್ಳಾಪುರದ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಮೂಳೆಗಳ ಉಸ್ತುವಾರಿ. ವಾರಕ್ಕೊಮ್ಮೆ ಬಸ್ಸು ಹತ್ತಿ ಗೌರಿಬಿದನೂರಿಗೂ ಹೋಗಿ ಬರುತ್ತಿದ್ದೆ. ಆಗ ನನ್ನ ಕೈ ಎಂಥದ್ದಿತ್ತೆಂದರೆ, ನಾನು ಕೂಡಿಸಿದ ಮೂಳೆಯ ಎಕ್ಸ್‌ರೇ ನೋಡಿ ಮುರಿದದ್ದು ಎಲ್ಲಿ ಎಂದು ನಾನೇ ಹುಡುಕಬೇಕಾಗುತ್ತಿತ್ತು. ಇದರಲ್ಲಿ ಜಂಬವೇನಿಲ್ಲ. ಬೇರೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಹೇಳಬೇಕಾಯಿತು.

ಒಂದು ಬೆಳಿಗ್ಗೆ ಮೇಲೂರಿನಿಂದ ಟೆಂಪೋದಲ್ಲಿ ಒಬ್ಬ ಹೆಂಗಸನ್ನು ಮಲಗಿಸಿಕೊಂಡು ಬಂದರು. ಅರವತ್ತು ದಾಟಿದವರು, ತಲೆಮಾರುಗಳಿಂದ ಹಿಪ್ಪುನೇರಳೆ ಬೆಳೆದು ಹುಳ ಸಾಕುವ ಮನೆಯ ಯಜಮಾನಿ. ಎಡಗಾಲು ಗಿಡ್ಡವಾಗಿ, ಪಾದ ಹೊರಕ್ಕೆ ಹೊರಳಿತ್ತು. ಆ ಪಾದ ನೋಡಿದರೆ ಎಕ್ಸ್‌ರೇ ಬೇಕಿಲ್ಲ, ಸೊಂಟದ ಹತ್ತಿರ ತೊಡೆಮೂಳೆ ಮುರಿದಿದೆ ಎಂದೇ ಅರ್ಥ. ಬಿದ್ದದ್ದಾದರೂ ಹೇಗೆ? ಜಾರಿರಲಿಲ್ಲ, ಭಾರ ಎತ್ತಿರಲಿಲ್ಲ. ಹುಳದ ಮನೆಯ ಹೊಸ್ತಿಲಲ್ಲಿ ನಿಂತು ಸೊಸೆಯನ್ನು ಕೂಗಲು ಹಿಂದಕ್ಕೆ ತಿರುಗಿದ್ದರು, ಅಷ್ಟೇ.

ಅವರು ನನಗೆ ಹಳಬರು. ಮೂರು ವರ್ಷದ ಹಿಂದೆ ಮಣಿಕಟ್ಟು ಮುರಿದುಕೊಂಡು ಬಂದಾಗ ಪ್ಲಾಸ್ಟರ್ ಹಾಕಿದವನು ನಾನೇ. ಮೂಳೆ ಟೊಳ್ಳಾಗುವ ಕಾಯಿಲೆ ಅಂತ ಗುರುತಿಸಿ, ವಾರಕ್ಕೊಂದು ನುಂಗುವ ಮಾತ್ರೆ ಬರೆದುಕೊಟ್ಟವನೂ ನಾನೇ.

"ಏನಮ್ಮಾ, ನನ್ನ ನೋಡ್ಬೇಕು ಅನ್ಸಿದ್ರೆ ಬಸ್ಸಲ್ಲಿ ಬಂದು ನೋಡ್ಕೊಂಡು ಹೋಗ್ಬಾರ್ದಿತ್ತಾ? ಕಾಲ್ಯಾಕೆ ಮುರ್ಕೊಂಡ್ರಿ?"

"ನಿಮ್ಮ ಬಾಯಿಗೆ ಮೊದ್ಲು ಪ್ಲಾಸ್ಟರ್ ಹಾಕ್ಬೇಕು ಸಾರ್," ಅಂದರು ನೋವಿನಲ್ಲೂ. "ಮನೇಲಿ ಹುಳ ದೊಡ್ಡ ಜ್ವರ ಎದ್ದು ಸೊಪ್ಪಿಗೆ ಬಿದ್ದವೆ. ಅದೇನ್ ಮಾಡ್ತೀರೋ ಮಾಡಿ, ನಾಳೆ ಕಳ್ಸಿಬಿಡಿ."

"ವಾರದ ಮಾತ್ರೆ ನುಂಗ್ತಿದ್ರಾ?"

"ಒಂದೂ ತಪ್ಸಿಲ್ಲ."

ಕಣ್ಣು ಪಿಳುಕಿಸದೆ ಹೇಳಿದರು. ಸುಳ್ಳು ಹೇಳುವವರ ಮುಖ ನನಗೆ ಗೊತ್ತು, ಬೆಳಿಗ್ಗೆ ಹಲ್ಲುಜ್ಜುವಾಗ ದಿನವೂ ಕನ್ನಡಿಯಲ್ಲಿ ನೋಡುತ್ತೇನೆ. ಇದು ಆ ಮುಖವಲ್ಲ.

ಮರುದಿನ ಆಪರೇಷನ್. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದು ನನ್ನ ಗೆಳೆಯ, ಅರಿವಳಿಕೆಯ ಡಾಕ್ಟರು. ಕಾಲನ್ನು ಎಳೆದು ಹಿಡಿಯುವ ಟೇಬಲ್ಲಿಗೆ ಪಾದ ಬಿಗಿದು, ನಿಧಾನವಾಗಿ ಎಳೆದು ಒಳಕ್ಕೆ ತಿರುಗಿಸಿದಾಗ ಮುರಿದ ಮೂಳೆ ತನ್ನ ಜಾಗಕ್ಕೆ ಬಂದು ಕೂತದ್ದು ಎಕ್ಸ್‌ರೇ ತೆರೆಯ ಮೇಲೆ ಕಂಡಿತು. ಇನ್ನು ಮಾಡಬೇಕಾದದ್ದು ಇಷ್ಟು: ತೊಡೆಯ ಪಕ್ಕದಲ್ಲಿ ಕುಯ್ದು, ಮೂಳೆಯ ತಲೆಯೊಳಕ್ಕೆ ಒಂದು ದಪ್ಪ ಸ್ಕ್ರೂ ಕೂರಿಸಿ, ಅದನ್ನು ಹೊರಗಿನಿಂದ ಒಂದು ಪ್ಲೇಟಿಗೆ ಬಿಗಿಯುವುದು. ಕಣ್ಣು ಮುಚ್ಚಿ ಮಾಡುವ ಕೆಲಸ ಅಂದುಕೊಂಡು ನಾನು ಹಾಡು ಗುನುಗುತ್ತಿದ್ದೆ.

ಒಳ್ಳೆಯ ಮೂಳೆಯಲ್ಲಿ ಡ್ರಿಲ್ ಹೋಗುವಾಗ ಅದು ಅಂಗೈಯನ್ನು ಹಿಂದಕ್ಕೆ ತಳ್ಳುತ್ತದೆ, ಎದುರು ಮಾತಾಡುತ್ತದೆ. ಈ ಮೂಳೆ ಏನೂ ಮಾತಾಡಲಿಲ್ಲ. ದಾರಿ ತೋರಿಸುವ ತಂತಿ ಥರ್ಮೋಕೋಲಿನಲ್ಲಿ ಹೋದ ಹಾಗೆ ಒಳಗೆ ಹೋಯಿತು. ಸ್ಕ್ರೂ ತಿರುಗಿಸಿದೆ. ಕೊನೆಗೆ ಅದು ಕಚ್ಚಿಕೊಳ್ಳಬೇಕು, ಕೈ ನೋಯಬೇಕು. ಕಚ್ಚಲಿಲ್ಲ.

"ಯಾಕೆ, ಹಾಡು ನಿಂತೋಯ್ತು?" ಪರದೆಯ ಆಚೆಯಿಂದ ಗೆಳೆಯ ಕೇಳಿದ.

"ಸ್ಕ್ರೂ ತಿರುಗ್ತಾ ಇದೆ ಕಣಪ್ಪ."

"ತಿರುಗೋದಕ್ಕೆ ತಾನೆ ಸ್ಕ್ರೂ ಇರೋದು?"

"ಫ್ಯಾನ್ ಥರ ತಿರುಗ್ತಿದೆ."

ಅವನು ಎದ್ದು ಬಂದು ತೆರೆ ನೋಡಿದ. ಹಾಗೆಯೇ ಬಿಟ್ಟು ಹೊಲಿದರೆ, ಆಕೆ ಎದ್ದು ನಿಂತ ದಿನ ಸ್ಕ್ರೂ ಮೂಳೆಯ ತಲೆಯನ್ನು ಸೀಳಿಕೊಂಡು ಹೊರಗೆ ಬರುತ್ತದೆ. ಎಲ್ಲ ತೆಗೆದು ಕೃತಕ ಕೀಲು ಹಾಕಬೇಕೆಂದರೆ ದೊಡ್ಡ ಆಪರೇಷನ್, ಹೆಚ್ಚು ರಕ್ತ. ಉಳಿದದ್ದು ಒಂದೇ ದಾರಿ. ಸ್ಕ್ರೂ ಬಿಚ್ಚಿ, ಆ ತೂತಿನೊಳಕ್ಕೆ ಮೂಳೆಯ ಸಿಮೆಂಟ್ ತುಂಬಿ, ಅದು ಗಟ್ಟಿಯಾಗುವ ಮೊದಲೇ ಸ್ಕ್ರೂ ಮತ್ತೆ ಕೂರಿಸುವುದು.

"ಸಿಮೆಂಟಿಗೆ ಬಿಪಿ ಕುಸೀಬಹುದು," ಅಂದ ಗೆಳೆಯ. "ನಾನು ನಿಲ್ಲಿಸು ಅಂದ್ರೆ ನಿಲ್ಲಿಸ್ಬೇಕು, ತಮಾಷೆ ಬೇಡ."

ಪುಡಿಗೆ ದ್ರವ ಸುರಿದು ಕಲಸಿದೆವು. ನೀರಾಗಿದ್ದದ್ದು ದೋಸೆ ಹಿಟ್ಟಾಗುತ್ತದೆ, ಹಿಟ್ಟು ಚಪಾತಿ ಕಣಕವಾಗುತ್ತದೆ, ಕಣಕ ಕಲ್ಲಾಗುತ್ತದೆ. ಎಲ್ಲ ಕೆಲವೇ ನಿಮಿಷಗಳ ಆಟ. ದೋಸೆ ಹಿಟ್ಟಿನ ಹದದಲ್ಲಿ ಸಿರಿಂಜಿನಿಂದ ಒಳಗೆ ತಳ್ಳಿ ಸ್ಕ್ರೂ ಕೂರಿಸಿದೆ. ಬಟ್ಟಲಲ್ಲಿ ಉಳಿದ ಸಿಮೆಂಟಿನ ಉಂಡೆಯನ್ನು ನರ್ಸಮ್ಮ ಅಂಗೈಯಲ್ಲಿ ಹಿಡಿದು ನಿಂತರು. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ. ಹೊರಗಿನ ಉಂಡೆ ಕಲ್ಲಾಯಿತೆಂದರೆ ಒಳಗಿನದೂ ಆಯಿತು ಅಂತ ಲೆಕ್ಕ. ಅಲ್ಲಿಯವರೆಗೆ ನಾನು ಸ್ಕ್ರೂ ಅಲ್ಲಾಡದಂತೆ ಹಿಡಿದಿದ್ದೆ, ಗೆಳೆಯ ಮಾನಿಟರಿನಿಂದ ಕಣ್ಣು ತೆಗೆಯಲಿಲ್ಲ. ಬಿಪಿ ಇಳಿಯಿತು, ತಡವರಿಸಿತು, ಮತ್ತೆ ಮೇಲೆ ಬಂತು. "ಬಿಸಿಯಾಯ್ತು ಸಾರ್," ಅಂದರು ನರ್ಸಮ್ಮ. ಸ್ಕ್ರೂ ಎಳೆದು ನೋಡಿದೆ. ಕಚ್ಚಿಕೊಂಡಿತ್ತು.

ಆ ಮನೆಗೆ ಬಿದ್ದ ಪೆಟ್ಟು ಬೇರೆಯೇ. ಹಾಲು ಕರೆಯುತ್ತಿದ್ದ ಹಸುಗಳನ್ನು ಮಾರಿ ನಮ್ಮ ಬಿಲ್ಲು ಕಟ್ಟಿದರು. ವರ್ಷಗಟ್ಟಲೆ ನುಂಗುವ ಮಾತ್ರೆಗೆ ಆಗುವ ಖರ್ಚು ಆ ಬಿಲ್ಲಿನ ಒಂದು ಮೂಲೆಗೂ ಸಾಲದು. ಮಗ ಆಸ್ಪತ್ರೆಯಲ್ಲಿ, ಸೊಸೆ ಅರ್ಧ ದಿನ ಬಸ್ಸಿನಲ್ಲಿ. ಹುಳಗಳು ಅತಿ ಹೆಚ್ಚು ಸೊಪ್ಪು ತಿನ್ನುವ ಆ ವಾರದಲ್ಲೇ ಮನೆಯಲ್ಲಿ ಸೊಪ್ಪು ಹಾಕುವ ಕೈಗಳಿಲ್ಲದೆ ಬೆಳೆ ಸೊರಗಿತು. ಗೂಡುಗಳು ಕಾಗದದಷ್ಟು ತೆಳ್ಳಗೆ ಬಂದವಂತೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡುವವರೂ ಇರಲಿಲ್ಲ.

ನನ್ನ ನಿದ್ದೆಗೆಡಿಸಿದ್ದು ಆ ಮೂಳೆ. ಮೂರು ವರ್ಷ ಮಾತ್ರೆ ನುಂಗಿದವರ ಮೂಳೆ ಹಾಗಿರಕೂಡದು. ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಮೂತ್ರಪಿಂಡ ನೋಡಿದೆ, ರಕ್ತದಲ್ಲಿ ಏನಾದರೂ ಕೆಟ್ಟದ್ದು ಅಡಗಿದೆಯೇ ಅಂತ ಹುಡುಕಿಸಿದೆ. ಏನೂ ಇಲ್ಲ. ಬಹಳ ಅಪರೂಪದ ಕಾಯಿಲೆಯೊಂದು ನನ್ನ ಕೈಗೆ ಸಿಕ್ಕಿದೆ, ಬೆಂಗಳೂರಿನ ಡಾಕ್ಟರುಗಳ ಮುಂದೆ ಭಾಷಣ ಬಿಗಿಯಬಹುದು ಅಂತ ಒಳಗೊಳಗೇ ಖುಷಿಪಡುತ್ತಿದ್ದೆ.

ಹೊಲಿಗೆ ಬಿಚ್ಚುವ ದಿನ ಸೊಸೆ ಅತ್ತೆಯ ಕಾಲು ಹಿಡಿದು ನಿಂತಿದ್ದಳು. ನಾನು ಮತ್ತೆ ಅದೇ ರಾಗ ಎಳೆದೆ.

"ಮಾತ್ರೆ ಒಂದೂ ತಪ್ಸಿಲ್ಲ ತಾನೆ ಅಮ್ಮಾ?"

"ಎಷ್ಟ್ ಸಲ ಹೇಳ್ಲಿ ಸಾರ್? ಇಲ್ಲ."

"ಹುಳ ಮನೇಲಿದ್ದಾಗ ಬಿಟ್ಟು," ಅಂದಳು ಸೊಸೆ, ಸಹಜವಾಗಿ.

ನನ್ನ ಕತ್ತರಿ ನಿಂತಿತು. "ಅಂದ್ರೆ?"

"ಹುಳ ಇದ್ದಾಗ ಔಷಧಿ ಮುಟ್ಟಲ್ಲ ಸಾರ್. ಹೂ ಮುಡಿಯಲ್ಲ, ಊದುಬತ್ತಿ ಹಚ್ಚಲ್ಲ, ಹಂಗೇ ಇದೂನು. ಅದೇನು ತಪ್ಸಿದಂಗಲ್ಲ."

"ನಮ್ಮತ್ತೆ ಕಾಲದಾಗೆ ಒಂದ್ಸಲ ಯಾರೋ ಮಂಡಿಗೆ ಮುಲಾಮು ಹಚ್ಕೊಂಡು ಅದೇ ಕೈಯಾಗೆ ಸೊಪ್ಪು ಹಾಕಿದ್ರು," ಅಂದರು ಆಕೆ. "ಒಂದು ಬೆಳೆ ಪೂರ್ತಿ ತಿಪ್ಪೆಗೋಯ್ತು. ಅವತ್ತಿಂದ ಹುಳ ಬಂದು ಗೂಡು ಬಿಡಿಸೋಗಂಟ ಔಷಧಿ ಇಲ್ಲ."

ಅವರ ಮನೆಗೆ ವರ್ಷವಿಡೀ ಒಂದರ ಹಿಂದೆ ಒಂದು ಬೆಳೆ ಬರುತ್ತಿತ್ತು. ನಡುವಿನ ಬಿಡುವಿನಲ್ಲಿ ಮಾತ್ರ ಆಕೆ ಮಾತ್ರೆ ನುಂಗಿದ್ದರು. ಅದನ್ನೂ ಬೆಳಗಿನ ಕಾಫಿಯ ಜೊತೆ. ಕಾಫಿ ಸೇರಿದರೆ ಆ ಮಾತ್ರೆ ಮೂಳೆಯ ತನಕ ಹೋಗುವುದೇ ಇಲ್ಲ. ನನ್ನ ಅಪರೂಪದ ಕಾಯಿಲೆ ಅಲ್ಲಿಗೆ ಸತ್ತುಹೋಯಿತು.

ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದು ಬಲಗಾಲು ತೋರಿಸಿದೆ. "ಇದೂ ಅಷ್ಟೇ ಟೊಳ್ಳು ಅಮ್ಮಾ. ನಮ್ಮ ಮೂಳೆಯೊಳಗೆ ಕೆಡವೋರೂ ಇರ್ತಾರೆ, ಕಟ್ಟೋರೂ ಇರ್ತಾರೆ. ಈ ಮಾತ್ರೆ ಕೆಡವೋರ ಕೈ ಕಟ್ಟುತ್ತೆ. ನೀವು ಬಿಟ್ಟಾಗಲೆಲ್ಲ ಅವ್ರು ಗುದ್ದಲಿ ಹಿಡ್ಕೊಂಡು ಬರ್ತಾರೆ. ಈ ಕಾಲೂ ಹೋದ್ರೆ ಹಾಸಿಗೇನೇ ಗತಿ."

ಆಕೆ ಫಿಲ್ಮ್ ನೋಡಿದರು, ನನ್ನನ್ನು ನೋಡಿದರು. "ಕಾಲು ಹೋದ್ರೆ ನನ್ದೊಂದು ಹೋಗ್ತದೆ ಸಾರ್. ಹುಳ ಹೋದ್ರೆ ಮನೆ ಮಂದಿ ಎಲ್ಲಾರ ಬಾಯಿಗೂ ಮಣ್ಣು ಬೀಳ್ತದೆ."

ಬೈದೆ, ಹೆದರಿಸಿದೆ, ಮಗನಿಂದ ಹೇಳಿಸಿದೆ. ಆಕೆ ವಾಕರ್ ಹಿಡಿದು ಮನೆಗೆ ಹೋದರು. ಮುಂದಿನ ಬೆಳೆಯ ಹುಳ ಮನೆಗೆ ಬಂದಿವೆ, ಮಾತ್ರೆ ನಿಂತಿದೆ ಅಂತ ಸೊಸೆ ಫೋನ್ ಮಾಡಿದ ದಿನ ನಾನು ಒಂದು ನಿರ್ಧಾರಕ್ಕೆ ಬಂದೆ. ಕ್ಲಿನಿಕ್ಕಿನಲ್ಲಿ ಕೂತು ಗೆಲ್ಲುವ ಆಟ ಇದಲ್ಲ. ಮುಂದಿನ ವಾರ ಬಿಡುವು ಮಾಡಿಕೊಂಡು ಸ್ಕೂಟರ್ ಹತ್ತಿ ಮೇಲೂರಿಗೆ ಹೊರಟೆ.

ಹುಳದ ಮನೆಯ ಬಾಗಿಲಲ್ಲೇ ತಡೆದರು. ತಲೆಗೆ ಹಚ್ಚಿದ ಎಣ್ಣೆ ವಾಸನೆ ಅಂತ ತಲೆ ತೊಳೆಸಿದರು. ಅಂಗಿಗೆ ಸ್ಪಿರಿಟ್ ವಾಸನೆ ಅಂತ ಬಿಚ್ಚಿಸಿದರು. ಮಗನ ಬನಿಯನ್ ತೊಡಿಸಿ, ಪಂಚೆ ಉಡಿಸಿ, ಸುಣ್ಣದ ಪುಡಿಯ ಮೇಲೆ ನಡೆಸಿ ಒಳಗೆ ಬಿಟ್ಟರು. ನನ್ನ ಆಪರೇಷನ್ ಥಿಯೇಟರಿನಲ್ಲೂ ಇಷ್ಟು ಮಡಿ ಇರಲಿಲ್ಲ. ಆಕೆ ಒಂದು ಸ್ಟೂಲಿನ ಮೇಲೆ ಕೂತು ಸೊಸೆಗೆ ತೆಲುಗಿನಲ್ಲಿ, "ಈಯನಕಿ ಪನಿ ಲೇದಾ?" ಅಂದರು. ಈ ಮನುಷ್ಯನಿಗೆ ಬೇರೆ ಕೆಲಸವಿಲ್ಲವೇ ಅಂತ. ನನಗೆ ತೆಲುಗು ಬರುವುದಿಲ್ಲ ಅಂದುಕೊಂಡಿದ್ದರು. "ಲೇದಮ್ಮಾ," ಅಂದೆ.

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾ ಒಂದು ತಟ್ಟೆಯನ್ನು ಸ್ಟ್ಯಾಂಡಿನಿಂದ ಹೊರಗೆಳೆದಳು. ಬಗ್ಗಿ ನೋಡಿದೆ.

ನೂರಾರು ಹುಳ. ಒಂದೂ ಅಲ್ಲಾಡುತ್ತಿರಲಿಲ್ಲ. ಎಲ್ಲವೂ ಮೈಯ ಮುಂಭಾಗವನ್ನು ಎತ್ತಿ, ತಲೆ ಮೇಲೆ ಮಾಡಿ, ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ ಸ್ತಬ್ಧವಾಗಿದ್ದವು. ಸ್ಟ್ಯಾಂಡಿನ ಮೇಲಿಂದ ಕೆಳಗಿನವರೆಗೆ ಪ್ರತಿ ತಟ್ಟೆಯೂ ಹೀಗೆಯೇ. ಅಷ್ಟೊಂದು ಜೀವಗಳಿರುವ ಕೋಣೆಯಲ್ಲಿ ಚೂರೂ ಸದ್ದಿಲ್ಲ. ಬಾಯಿಬಡುಕನಾದ ನಾನೂ ಉಸಿರು ಬಿಗಿಹಿಡಿದೆ.

"ಸತ್ತೋಗಿದಾವಾ?" ಪಿಸುಗುಟ್ಟಿದೆ.

"ಬಾಯಿ ತೊಳ್ಸಮ್ಮ ಇವ್ರಿಗೆ," ಅಂದರು ಆಕೆ. "ಜ್ವರಕ್ಕೆ ಕೂತವೆ ಸಾರ್. ಇದು ದೊಡ್ಡ ಜ್ವರ, ನಾಲ್ಕನೇದು. ಈಗ ತಿನ್ನಲ್ಲ, ಅಲ್ಲಾಡಲ್ಲ. ಹಿಂಗೇ ತಲೆ ಎತ್ಕೊಂಡು ಕೂತಿದ್ದು ಹಳೇ ಪೊರೆ ಬಿಡ್ತವೆ. ಎದ್ಮೇಲೆ ನೋಡಿ ಅವುಗಳ ಹಸಿವ."

ಅವರು ಹುಳಗಳನ್ನು ನೋಡುತ್ತಿದ್ದ ರೀತಿ ಹೇಗಿತ್ತೆಂದರೆ, ನನಗೆ ತಮಾಷೆ ಮಾಡುವುದಕ್ಕೆ ಮನಸ್ಸಾಗಲಿಲ್ಲ. ಮೆಲ್ಲಗೆ ಹೇಳಿದೆ: "ನಿಮ್ಮ ಮಾತ್ರೆನೂ ಇಷ್ಟೇ ಕೇಳೋದು ಅಮ್ಮಾ. ಎದ್ದ ತಕ್ಷಣ ಖಾಲಿ ಹೊಟ್ಟೇಲಿ, ಒಂದು ದೊಡ್ಡ ಲೋಟ ನೀರಲ್ಲಿ ನುಂಗ್ಬೇಕು. ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂರ್ಬೇಕು. ತಿನ್ನಂಗಿಲ್ಲ, ಕುಡಿಯಂಗಿಲ್ಲ, ಮಲ್ಗಂಗಿಲ್ಲ, ಬಗ್ಗಂಗಿಲ್ಲ."

ಆಕೆ ತಟ್ಟೆಯಿಂದ ಕಣ್ಣೆತ್ತಿದರು. "ಜ್ವರಕ್ಕೆ ಕೂರೋದು ಅನ್ನಿ."

"ಜ್ವರಕ್ಕೆ ಕೂರೋದು."

"ಕೂತ್ಕೋತೀನಿ. ಆದ್ರೆ ಹುಳ ಮನೇಲಿಲ್ದಾಗ."

ಪಂದ್ಯ ಹುಟ್ಟಿದ್ದು ಆಗಲೇ. ಒಂದು ತಟ್ಟೆಯನ್ನು ಬೇರೆ ಮಾಡೋಣ ಅಂದೆ. ಹುಳ ಜ್ವರದಿಂದೇಳುವ ಬೆಳಿಗ್ಗೆ ಆಕೆ ಮಾತ್ರೆ ನುಂಗಬೇಕು, ಮುಂದಿನ ವಾರ ಮತ್ತೊಂದು. ಆ ಒಂದು ತಟ್ಟೆಗೆ ಆಕೆಯೇ, ಮಾತ್ರೆ ಹಿಡಿದ ಕೈಯಲ್ಲೇ ಸೊಪ್ಪು ಹಾಕಬೇಕು. ಮಿಕ್ಕದ್ದೆಲ್ಲ ಸೊಸೆಯ ಪಾಲು. ಆ ತಟ್ಟೆ ಗೂಡು ಕಟ್ಟಿದರೆ ಇನ್ನು ಮೇಲೆ ಹುಳ ಇರಲಿ ಬಿಡಲಿ, ವಾರ ತಪ್ಪಿಸಕೂಡದು. ಕಟ್ಟದಿದ್ದರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಮುಂದೆ ಕೂತು ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ ಅಂದೆ. ಆಕೆ ಬಹಳ ಹೊತ್ತು ಯೋಚಿಸಿ ಒಪ್ಪಿದರು. ಸೊಸೆ ಆ ತಟ್ಟೆಗೆ ಕೆಂಪು ದಾರ ಕಟ್ಟಿದಳು.

ಆ ವಾರ ನಾನು ದಿನವೂ ಕ್ಲಿನಿಕ್ ಮುಗಿಸಿ ಮೇಲೂರಿಗೆ ಹೋದೆ. ಹೆಂಡತಿಗೆ ಅನುಮಾನ ಬಂದು, ಯಾರನ್ನು ನೋಡಲು ಹೋಗುತ್ತೀರಿ ಅಂತ ಕೇಳಿದಳು. ಹುಳ ಅಂದೆ. ಅವಳು ಮೂರು ದಿನ ಮಾತು ಬಿಟ್ಟಳು. ಜ್ವರದಿಂದೆದ್ದ ಹುಳಗಳು ಸೊಪ್ಪಿನ ಮೇಲೆ ಬಿದ್ದಿದ್ದವು. ಕೋಣೆಯ ತುಂಬ ಸಣ್ಣ ಸದ್ದು, ದೂರದಲ್ಲಿ ಒಂದು ಊರಿಗೆ ಊರೇ ಕೂತು ಒಣಗಿದ ಅವರೆಕಾಯಿ ಬಿಡಿಸುತ್ತಿರುವ ಹಾಗೆ. ಕೆಂಪು ದಾರದ ತಟ್ಟೆಯೂ ಬೇರೆಯವುಗಳಷ್ಟೇ ಜೋರಾಗಿ ತಿನ್ನುತ್ತಿತ್ತು. ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಒಂದು ಮಧ್ಯಾಹ್ನ ಸೊಸೆಯ ಫೋನು. "ಸಾರ್, ದಾರ ಕಟ್ಟಿದ ತಟ್ಟೇಲಿ ಹುಳ ಸಪ್ಪಗಾಗವೆ."

ಕಾದಿದ್ದ ರೋಗಿಗಳನ್ನು ಗೆಳೆಯನ ತಲೆಗೆ ಕಟ್ಟಿ ಓಡಿದೆ. ತಟ್ಟೆಯ ಒಂದು ಬದಿಯಲ್ಲಿ ಹುಳಗಳು ಮೆತ್ತಗಾಗಿ, ಸೊಪ್ಪು ಮುಟ್ಟದೆ ಬಿದ್ದಿದ್ದವು. ನನ್ನ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. ಆಕೆ ಸ್ಟೂಲಿನ ಮೇಲೆ ಕೂತಿದ್ದರು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಬೈಯಲೂ ಇಲ್ಲ.

"ಎತ್ತಮ್ಮ ನನ್ನ," ಅಂದರು ಸೊಸೆಗೆ.

ವಾಕರ್ ಊರಿಕೊಂಡು ಸ್ಟ್ಯಾಂಡಿನ ಬಳಿ ಹೋದರು. ಒಂದೊಂದೇ ತಟ್ಟೆ ಎಳೆಸಿದರು, ಪ್ರತಿಯೊಂದನ್ನೂ ಮುಖದ ಹತ್ತಿರ ಹಿಡಿಸಿ ನೋಡಿದರು. ಕೆಳಗಿನ ಸಾಲಿನ ಒಂದು ತಟ್ಟೆಯ ಮುಂದೆ ನಿಂತೇಬಿಟ್ಟರು.

"ಇಲ್ಲೂ ಐತೆ. ಇದಕ್ಕೆ ಯಾವ ಸೊಪ್ಪು ಹಾಕ್ದೆ?"

"ಕಾಲುವೆ ಪಕ್ಕದ್ದು ಅತ್ತೆ. ಬೆಳಿಗ್ಗೆ ಬೇಗ ಕುಯ್ದಿದ್ದು. ಒಂದ್ ಮಂಕರಿ ಇತ್ತು, ಇದಕ್ಕಿಷ್ಟು ಹಾಕ್ದೆ, ನಿಮ್ಗಿಷ್ಟು ಕೊಟ್ಟೆ."

"ಇಬ್ಬನಿ ಆರಿತ್ತಾ?"

ಸೊಸೆ ತಲೆ ತಗ್ಗಿಸಿದಳು.

ಆಕೆ ನನ್ನ ಕಡೆ ತಿರುಗಿದರು. "ಒದ್ದೆ ಸೊಪ್ಪು ಸಾರ್. ನಿಮ್ಮ ಮಾತ್ರೆ ಅಲ್ಲ."

ಓದುಗರೇ, ನೀವಿನ್ನೂ ನಂಬದೆ ಕೂತಿದ್ದರೆ ಇಲ್ಲಿ ಸ್ವಲ್ಪ ನಿಲ್ಲಿ. ಆ ಕೆಳಗಿನ ತಟ್ಟೆಯನ್ನು ನಾನು ನೋಡಿರಲಿಲ್ಲ, ನೋಡಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಆಕೆ ಸುಮ್ಮನೆ ಕೂತಿದ್ದರೆ ಪಂದ್ಯ ಅವರದು. ಮಾತ್ರೆಯ ಕಾಟ ಅಂದೇ ಮುಗಿಯುತ್ತಿತ್ತು. ನಾನು ಎಷ್ಟೋ ದೊಡ್ಡ ಸಭೆಗಳಲ್ಲಿ ಕೂತಿದ್ದೇನೆ, ತಮಗೆ ಬೇಡವಾದ ಫಲಿತಾಂಶವನ್ನು ಹೀಗೆ ಎದ್ದು ಹೋಗಿ ಹುಡುಕಿ ತಂದು ಕೈಗಿಟ್ಟವರನ್ನು ಕಂಡಿಲ್ಲ. ಅದೂ ಸಿಮೆಂಟ್ ತುಂಬಿದ ಒಂದು ಕಾಲಿನಲ್ಲಿ.

ಕೆಟ್ಟ ಹುಳಗಳನ್ನು ಆರಿಸಿ ತೆಗೆದರು, ಸುಣ್ಣ ಉದುರಿಸಿದರು, ಒಣ ಸೊಪ್ಪು ಹಾಕಿದರು. ಉಳಿದವು ಚೇತರಿಸಿಕೊಂಡವು. ಎರಡನೇ ಮಾತ್ರೆಯ ದಿನ ನಾನು ಬೆಳಿಗ್ಗೆಯೇ ಹೋದಾಗ ಆಕೆ ಗೋಡೆಗೆ ಒರಗದೆ, ತಲೆ ಎತ್ತಿ, ಕಣ್ಣು ಮುಚ್ಚಿ ಕೂತಿದ್ದರು. ಮಾತಾಡಿಸಲು ಬಾಯಿ ತೆರೆದೆ. ಸೊಸೆ ಬೆರಳು ತುಟಿಗಿಟ್ಟು, "ಜ್ವರಕ್ಕೆ ಕೂತವ್ರೆ," ಅಂದಳು.

ಹುಳ ಹಣ್ಣಾದವು. ಹಸಿರು ಮೈ ಜೇನಿನ ಬಣ್ಣಕ್ಕೆ ತಿರುಗಿ, ಬೆಳಕು ಹಾಯುವಷ್ಟು ತಿಳಿಯಾಯಿತು. ಗೂಡು ಕಟ್ಟಲು ಬಿದಿರಿನ ಚಾಪೆಯಂಥ ಚಂದ್ರಿಕೆಗೆ ಬಿಟ್ಟರು. ಕೆಂಪು ದಾರದ ತಟ್ಟೆಯ ಹುಳಗಳಿಗೆ ಬೇರೆಯದೇ ಚಂದ್ರಿಕೆ. ನಾನು ಅದರ ಮುಂದೆ ಕೂತು ಒಂದೇ ಹುಳವನ್ನು ನೋಡಿದೆ. ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ, ಕಣ್ಣಿಗೆ ಕಾಣದಂಥ ಎಳೆಯಿಂದ ತನ್ನ ಸುತ್ತ ತಾನೇ ಗೋಡೆ ಎಬ್ಬಿಸುತ್ತ ಹೋಯಿತು. ಮೊದಲು ಮಂಜಿನಂತೆ, ಆಮೇಲೆ ಮಸ್ಲಿನ್ ಬಟ್ಟೆಯಂತೆ, ಕೊನೆಗೆ ಹುಳವೇ ಕಾಣದಾಯಿತು. ಮೂಳೆ ಕಟ್ಟುವುದನ್ನು ಯಾರೂ ಹೀಗೆ ಕೂತು ನೋಡಲಾರರು. ಜೀವಮಾನವೆಲ್ಲ ಮೂಳೆಯ ಜೊತೆ ಕಳೆದವನಿಗೆ ಅದನ್ನು ತೋರಿಸಿಕೊಟ್ಟದ್ದು ಆ ಚಂದ್ರಿಕೆ. ಆಕೆ ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಅಮುಕಿ ನೋಡಿ, ನನ್ನ ಅಂಗೈಗಿಟ್ಟರು. "ಗಟ್ಟಿ ಐತೆ," ಅಂದರು.

ಅಂದಿನಿಂದ ವಾರ ತಪ್ಪಲಿಲ್ಲ. ಮನೆಯಲ್ಲಿ ಹುಳ ಇದ್ದರೂ ಇಲ್ಲದಿದ್ದರೂ.

ಕೆಲವು ವರ್ಷಗಳ ನಂತರ ನಾನು ಗೌರಿಬಿದನೂರಿನಲ್ಲಿ ರೋಗಿಗಳನ್ನು ನೋಡುತ್ತಿದ್ದಾಗ ಆಟೋ ಬಂದು ನಿಂತಿತು. ನಗರಗೆರೆಯ ತಂಗಿಯ ಮನೆಗೆ ಬಂದಿದ್ದ ಆಕೆ ಬಚ್ಚಲಲ್ಲಿ ಜಾರಿ ಬಲಗಡೆಗೆ ಬಿದ್ದಿದ್ದರು. ಈ ಸಲ ನಿಜವಾಗಿಯೂ ಜೋರಾಗಿ ಬಿದ್ದಿದ್ದರು. ತೊಡೆಯೆಲ್ಲ ನೇರಳೆ ಬಣ್ಣಕ್ಕೆ ತಿರುಗಿತ್ತು. ಎಕ್ಸ್‌ರೇ ತೆಗೆಸಿ, ಫಿಲ್ಮ್ ಇನ್ನೂ ಒದ್ದೆಯಿರುವಾಗಲೇ ಕಿಟಕಿಗೆ ಹಿಡಿದೆ. ಎಡಗಡೆ ನನ್ನ ಸ್ಕ್ರೂ, ಅದರ ಸುತ್ತ ಸಿಮೆಂಟಿನ ಬಿಳಿ ಮೋಡ. ಬಲಗಡೆ ಮೂಳೆಯ ಗೆರೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆ. ಎಲ್ಲೂ ಕಡಿದಿರಲಿಲ್ಲ.

"ಯಾಕ್ ಸಾರ್, ಮಾತೇ ಇಲ್ಲ?" ಅಂದರು ಆಕೆ ಹಿಂದಿನಿಂದ. "ಮುರ್ದೋಯ್ತಾ?"

"ಇಲ್ಲಮ್ಮಾ. ಎದ್ದು ಮನೆಗೆ ನಡೀರಿ."

ಮಾತ್ರೆಯೇ ಉಳಿಸಿತು ಅಂತ ಪ್ರಮಾಣ ಮಾಡಲಾರೆ. ಮಾತ್ರೆ ನುಂಗದೆ, ಬಿದ್ದೂ ಮುರಿಯದವರು ಇದ್ದಾರೆ. ಆ ಗೆರೆ ಇಡಿಯಾಗಿತ್ತು, ಆಕೆ ಎದ್ದು ನಡೆದುಹೋದರು. ನನ್ನ ಕಣ್ಣಿಗೆ ಕಂಡದ್ದು ಇಷ್ಟು.

ಈಗ ಸುಳ್ಳಿನ ವಿಷಯ. ಹುಳ ನಿಜ, ತಟ್ಟೆ ನಿಜ, ಒದ್ದೆ ಸೊಪ್ಪೂ ನಿಜ. ಮೀಸೆ ಒಂದೇ ಸುಳ್ಳು. ಆಕೆ ನನ್ನ ಮೀಸೆ ಕೇಳಲೇ ಇಲ್ಲ. "ತಟ್ಟೆ ಹೋದ್ರೆ ಇನ್ನು ಜನ್ಮದಲ್ಲಿ ನನಗೆ ಮಾತ್ರೆ ಅನ್ನಬಾರ್ದು," ಅಂದಿದ್ದರು. ನಾನು ಆಗಲಿ ಅಂದಿದ್ದೆ. ಆಕೆಯ ಉಳಿದ ಒಂದು ಕಾಲನ್ನು ಒಂದು ತಟ್ಟೆ ಹುಳದ ಮೇಲೆ ಕಟ್ಟಿ ಬಂದಿದ್ದೆ. ಇದನ್ನು ಹೆಂಡತಿಗೂ ಮೀಸೆ ಅಂತಲೇ ಹೇಳಿದ್ದೇನೆ. ಮೀಸೆಯಾದರೆ ಮತ್ತೆ ಬೆಳೆಯುತ್ತದೆ.